ಓದಲು ಬರುತ್ತದೆ, ಅರ್ಥವಾಗುವುದಿಲ್ಲ: ಪ್ರೌಢಶಾಲೆಯ ಇಂಗ್ಲಿಷ್ ತರಗತಿಯಲ್ಲಿ ಓದುಗಾರಿಕೆ ನಡೆದು ಬಂದ ದಾರಿ



ಕನ್ನಡದಲ್ಲಿ 'ಓದು' ಎಂಬ ಪದಕ್ಕೆ ಎರಡು ಅರ್ಥಗಳಿವೆ. ಪುಸ್ತಕ ಹಿಡಿದು ಓದುವುದೂ ಓದು, ವಿದ್ಯಾಭ್ಯಾಸವೂ ಓದು. 'ನಿಮ್ಮ ಮಗಳು ಏನು ಓದಿದ್ದಾಳೆ?' ಎಂದು ಯಾರಾದರೂ ಕೇಳಿದರೆ ನಾವು ಪುಸ್ತಕದ ಹೆಸರು ಹೇಳುವುದಿಲ್ಲ, ತರಗತಿಯ ಹೆಸರು ಹೇಳುತ್ತೇವೆ. ಉರ್ದುವಿನ 'ಪಢ್ನಾ' ಎಂಬ ಪದವೂ ಹಾಗೆಯೇ. ವಿದ್ಯಾವಂತನನ್ನು 'ಪಢಾ ಲಿಖಾ' ಎನ್ನುತ್ತಾರೆ. ಈ ಎರಡೂ ಭಾಷೆಗಳನ್ನು ಕಲಿಸುವ ನನಗೆ ಈ ಸಾಮ್ಯ ಅನೇಕ ಸಲ ಸೋಜಿಗ ತಂದಿದೆ. ಓದಿ ತಿಳಿದುಕೊಳ್ಳಬಲ್ಲವನೇ ವಿದ್ಯಾವಂತ ಎಂಬ ತಿಳುವಳಿಕೆ ನಮ್ಮ ಹಿರಿಯರ ಮಾತಿನಲ್ಲಿಯೇ ಅಡಗಿದೆ.

ಆದರೆ ನಮ್ಮ ಪ್ರೌಢಶಾಲೆಗಳ ಇಂಗ್ಲಿಷ್ ತರಗತಿಗೆ ಒಮ್ಮೆ ಹೋಗಿ ನೋಡಿ. ಒಂಬತ್ತನೇ ತರಗತಿಯ ವಿದ್ಯಾರ್ಥಿ ಎದ್ದು ನಿಂತು ಒಂದು ಪುಟವನ್ನು ತಡವರಿಸದೆ ಗಟ್ಟಿಯಾಗಿ ಓದುತ್ತಾನೆ. ಉಚ್ಚಾರಣೆಯೂ ತಕ್ಕಮಟ್ಟಿಗೆ ಸರಿಯಾಗಿಯೇ ಇರುತ್ತದೆ. 'ಈಗ ಓದಿದ್ದರಲ್ಲಿ ಏನು ಹೇಳಿದೆ?' ಎಂದು ಕೇಳಿದರೆ ತಲೆ ತಗ್ಗಿಸುತ್ತಾನೆ. ಓದು ಬಂದಿದೆ, ಆದರೆ ಓದಿದ್ದು ಬಂದಿಲ್ಲ. ಈ ವಿದ್ಯಾರ್ಥಿಯನ್ನು ದಡ್ಡನೆಂದು ಕರೆದು ಮುಂದಿನ ಬೆಂಚಿಗೆ ಹೋಗುವುದು ಸುಲಭ. ಆದರೆ ಈ ಸ್ಥಿತಿಗೆ ಸುಮಾರು ಇನ್ನೂರು ವರ್ಷಗಳ ಇತಿಹಾಸವಿದೆ. ಅದನ್ನು ಬದಲಿಸಲು ನಮ್ಮದೇ ಉಪಖಂಡದಲ್ಲಿ ನಡೆದ ಪ್ರಾಮಾಣಿಕ ಪ್ರಯತ್ನಗಳ ಇತಿಹಾಸವೂ ಇದೆ. ಒಂದು ಪ್ರಯತ್ನ ಢಾಕಾದಲ್ಲಿ ನಡೆಯಿತು, ಇನ್ನೊಂದು ನಮ್ಮ ಬೆಂಗಳೂರಿನಲ್ಲಿ. ಇವೆರಡನ್ನೂ ತಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಗಟ್ಟಿ ಓದು, ಕಂಠಪಾಠ ಮತ್ತು ಪರೀಕ್ಷೆ

ಭಾರತದಲ್ಲಿ ಇಂಗ್ಲಿಷ್ ಶಿಕ್ಷಣದ ಮಾತು ಬಂದಾಗಲೆಲ್ಲ 1835ರ ಮೆಕಾಲೆಯ ಟಿಪ್ಪಣಿಯನ್ನು ನೆನೆಯುವುದು ವಾಡಿಕೆ. ಆದರೆ ಪ್ರೌಢಶಾಲೆಯ ತರಗತಿಯ ರೂಪವನ್ನು ನಿಜವಾಗಿ ನಿರ್ಧರಿಸಿದ್ದು ಅದರ ನಂತರದ ಎರಡು ಘಟನೆಗಳು. ಮೊದಲನೆಯದು 1854ರ ವುಡ್ ಶಿಕ್ಷಣ ವರದಿ. ಎರಡನೆಯದು 1857ರಲ್ಲಿ ಕಲ್ಕತ್ತಾ, ಬೊಂಬಾಯಿ ಮತ್ತು ಮದ್ರಾಸಿನಲ್ಲಿ ವಿಶ್ವವಿದ್ಯಾನಿಲಯಗಳ ಸ್ಥಾಪನೆ. ವಿಶ್ವವಿದ್ಯಾನಿಲಯ ಬಂದ ಕೂಡಲೇ ಅದರೊಳಗೆ ಹೋಗಲು ಪ್ರವೇಶ ಪರೀಕ್ಷೆ ಬಂತು. ಅದೇ ಮೆಟ್ರಿಕ್ಯುಲೇಶನ್. ಮೆಟ್ರಿಕ್ ಪಾಸಾದವನಿಗೆ ಸರ್ಕಾರಿ ಕಚೇರಿಯ ಬಾಗಿಲು ತೆರೆಯುತ್ತಿತ್ತು. ಹೀಗಾಗಿ ಪ್ರೌಢಶಾಲೆಯ ಕೆಲಸವೆಂದರೆ ಆ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವುದು ಎಂದಾಯಿತು.

ಅಂದಿನ ಪಾಠಗಳು ಹೆಚ್ಚಾಗಿ ಇಂಗ್ಲೆಂಡಿನ ಕವಿಗಳ ಮತ್ತು ಪ್ರಬಂಧಕಾರರ ಬರಹಗಳು. ಮಕ್ಕಳು ನೋಡದ ಹೂವುಗಳು, ಕೇಳದ ಹಕ್ಕಿಗಳು, ಅನುಭವಿಸದ ಹಿಮ. ಉಪಾಧ್ಯಾಯರು ಒಂದೊಂದೇ ವಾಕ್ಯ ಓದಿ, ಕಠಿಣ ಪದಗಳಿಗೆ ಅರ್ಥ ಹೇಳಿ, ದೇಶಭಾಷೆಗೆ ಅನುವಾದಿಸುತ್ತಿದ್ದರು. ಮಕ್ಕಳು ಸರದಿಯ ಪ್ರಕಾರ ಗಟ್ಟಿಯಾಗಿ ಓದುತ್ತಿದ್ದರು. ಮನೆಗೆ ಹೋಗಿ ಪ್ರಶ್ನೋತ್ತರ ಬಾಯಿಪಾಠ ಮಾಡುತ್ತಿದ್ದರು. ಗೈಡು ಮತ್ತು ನೋಟ್ಸುಗಳ ಬಜಾರು ಹುಟ್ಟಿದ್ದು ಇಂತಹ ನೆಲದಲ್ಲಿಯೇ. 1917ರಿಂದ 1919ರವರೆಗೆ ಕೆಲಸ ಮಾಡಿದ ಸ್ಯಾಡ್ಲರ್ ಅಧ್ಯಕ್ಷತೆಯ ಕಲ್ಕತ್ತಾ ವಿಶ್ವವಿದ್ಯಾನಿಲಯ ಆಯೋಗವು ಈ ಪರೀಕ್ಷಾ ಹಿಡಿತವನ್ನು ಕಟುವಾಗಿ ಟೀಕಿಸಿತು.

ಗಟ್ಟಿಯಾಗಿ ಓದುವುದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನಮ್ಮ ನಾಡಿನ ಗಮಕ ಪರಂಪರೆ ಗಟ್ಟಿ ಓದಿನ ಮೇಲೆಯೇ ನಿಂತಿದೆ. ಉರ್ದು ಮುಶಾಯಿರಾಗಳೂ ಹಾಗೆಯೇ. ಆದರೆ ಗಮಕದಲ್ಲಿ ವಾಚನಕಾರನ ಪಕ್ಕದಲ್ಲಿ ವ್ಯಾಖ್ಯಾನಕಾರ ಕುಳಿತಿರುತ್ತಾನೆ ಎಂಬುದನ್ನು ಮರೆಯಬಾರದು. ಧ್ವನಿಯ ಜೊತೆಗೆ ಅರ್ಥವೂ ನಡೆಯಬೇಕೆಂದು ಆ ಪರಂಪರೆಗೆ ಗೊತ್ತಿತ್ತು. ಇಂಗ್ಲಿಷ್ ತರಗತಿಯಲ್ಲಿ ಧ್ವನಿ ಉಳಿಯಿತು, ಅರ್ಥ ನೋಟ್ಸಿಗೆ ಹೋಯಿತು.

ಓದುವ ಕಣ್ಣು, ಓದುವ ಮನಸ್ಸು

ಇತ್ತ ನಮ್ಮ ಶಾಲೆಗಳಲ್ಲಿ ಈ ಪದ್ಧತಿ ಬೇರೂರುತ್ತಿದ್ದ ಕಾಲದಲ್ಲಿಯೇ ಅತ್ತ ಯುರೋಪು ಮತ್ತು ಅಮೆರಿಕಗಳಲ್ಲಿ ಓದು ಎಂದರೇನು ಎಂಬ ವೈಜ್ಞಾನಿಕ ವಿಚಾರಣೆ ಆರಂಭವಾಗಿತ್ತು. ಪ್ಯಾರಿಸ್ಸಿನ ನೇತ್ರವೈದ್ಯ ಎಮಿಲ್ ಜವಾಲ್ 1870ರ ದಶಕದ ಕೊನೆಯಲ್ಲಿ ಓದುವಾಗಿನ ಕಣ್ಣಿನ ಚಲನೆಯ ಬಗ್ಗೆ ಬರೆದನು. ನಮ್ಮ ಕಣ್ಣು ಸಾಲಿನ ಮೇಲೆ ನೀರಿನಂತೆ ಸರಾಗವಾಗಿ ಹರಿಯುವುದಿಲ್ಲ. ಅದು ಚಿಕ್ಕ ಚಿಕ್ಕ ನೆಗೆತಗಳಲ್ಲಿ ಸಾಗುತ್ತದೆ, ನಡುನಡುವೆ ನಿಲ್ಲುತ್ತದೆ. ನಿಂತಾಗ ಮಾತ್ರ ಅಕ್ಷರಗಳನ್ನು ಗ್ರಹಿಸುತ್ತದೆ. ಅಮೆರಿಕದ ಎಡ್ಮಂಡ್ ಹ್ಯೂಯಿ 1908ರಲ್ಲಿ ಓದಿನ ಮನಶ್ಶಾಸ್ತ್ರದ ಬಗ್ಗೆ ಒಂದು ದೊಡ್ಡ ಗ್ರಂಥವನ್ನೇ ಪ್ರಕಟಿಸಿದನು.

ಇನ್ನೂ ಮುಖ್ಯವಾದದ್ದು 1917ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಪ್ರಕಟಿಸಿದ ಅಧ್ಯಯನ. ಶಾಲಾ ಮಕ್ಕಳಿಗೆ ಒಂದು ಸರಳ ಗದ್ಯಭಾಗ ಕೊಟ್ಟು, ಪ್ರಶ್ನೆ ಕೇಳಿ, ಅವರ ತಪ್ಪು ಉತ್ತರಗಳನ್ನು ಆತ ಒಂದೊಂದಾಗಿ ಪರಿಶೀಲಿಸಿದ. ಮಕ್ಕಳಿಗೆ ಪದಗಳನ್ನು ಓದಲು ಬರುತ್ತಿತ್ತು. ಆದರೆ ಯಾವ ಪದಕ್ಕೆ ಎಷ್ಟು ತೂಕ ಕೊಡಬೇಕು, ಯಾವ ಪದ ಯಾವುದರ ಜೊತೆ ಸೇರುತ್ತದೆ ಎಂಬ ವಿವೇಚನೆಯಲ್ಲಿ ಅವರು ಎಡವುತ್ತಿದ್ದರು. ಒಂದು ಪ್ಯಾರಾ ಓದುವುದು ಲೆಕ್ಕ ಬಿಡಿಸುವುದಕ್ಕೆ ಸಮಾನವಾದ ಆಲೋಚನೆ ಎಂಬ ತೀರ್ಮಾನಕ್ಕೆ ಥಾರ್ನ್‌ಡೈಕ್ ಬಂದನು. ಲೆಕ್ಕವನ್ನು ಹೆಜ್ಜೆ ಹೆಜ್ಜೆಯಾಗಿ ಕಲಿಸುತ್ತೇವೆ. ಓದನ್ನೂ ಹಾಗೆ ಕಲಿಸಬೇಕಲ್ಲವೇ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟಿತು. ಇದೇ ಥಾರ್ನ್‌ಡೈಕ್ 1921ರಲ್ಲಿ ಇಂಗ್ಲಿಷಿನಲ್ಲಿ ಯಾವ ಪದಗಳು ಹೆಚ್ಚು ಬಳಕೆಯಲ್ಲಿವೆ ಎಂದು ಎಣಿಸಿ ಉಪಾಧ್ಯಾಯರಿಗಾಗಿ ಒಂದು ಪದಪಟ್ಟಿಯನ್ನು ಹೊರತಂದನು.

ಢಾಕಾದ ಪ್ರಾಂಶುಪಾಲ

ಇನ್ನು ನಮ್ಮ ಕಥೆಯ ಮುಖ್ಯ ವ್ಯಕ್ತಿಗೆ ಬರೋಣ. ಮೈಕೆಲ್ ವೆಸ್ಟ್ 1888ರಲ್ಲಿ ಜನಿಸಿದ ಆಂಗ್ಲ ವ್ಯಕ್ತಿ. ಆಕ್ಸ್‌ಫರ್ಡ್‌ನಲ್ಲಿ ವ್ಯಾಸಂಗ ಮುಗಿಸಿ, ಭಾರತೀಯ ಶಿಕ್ಷಣ ಸೇವೆಗೆ ಸೇರಿ 1912ರಲ್ಲಿ ಬಂಗಾಳಕ್ಕೆ ಬಂದರು. ಮುಂದೆ ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲರಾಗಿ 1930ರ ದಶಕದ ಆರಂಭದವರೆಗೂ ಕೆಲಸ ಮಾಡಿದರು. ಇಂದಿನ ನಮ್ಮ ಬಿಎಡ್ ಕಾಲೇಜುಗಳ ಹಾಗೆ ಅಲ್ಲಿಯೂ ತರಬೇತಿ ಪಡೆಯುವ ಉಪಾಧ್ಯಾಯರಿದ್ದರು, ಪಾಠ ಮಾಡಿ ನೋಡಲು ಶಾಲೆಗಳಿದ್ದವು. ವೆಸ್ಟ್ ಆ ತರಗತಿಗಳನ್ನು ಹೊರಗಿನಿಂದ ಟೀಕಿಸದೆ, ಒಳಗೆ ಕುಳಿತು ಪರೀಕ್ಷಿಸಿದರು.

ಅವರ ಮೊದಲ ಪ್ರಶ್ನೆ ಬಹಳ ಸರಳವಾದದ್ದು. ಶಾಲೆಗೆ ಸೇರಿದ ಮಕ್ಕಳೆಲ್ಲರೂ ಕೊನೆಯ ತರಗತಿಯವರೆಗೆ ಬರುವುದಿಲ್ಲ. ಬಹಳ ಮಂದಿ ಮಧ್ಯದಲ್ಲಿಯೇ ಶಾಲೆ ಬಿಡುತ್ತಾರೆ. ಹಾಗೆ ಬಿಟ್ಟ ಮಗು ಆ ಎರಡು ಮೂರು ವರ್ಷಗಳ ಇಂಗ್ಲಿಷಿನಿಂದ ಏನನ್ನು ಕೈಯಲ್ಲಿ ಹಿಡಿದು ಮನೆಗೆ ಹೋಗುತ್ತದೆ?

ಇದಕ್ಕೆ ಅವರು ವಿಮೆಯ ಭಾಷೆಯಿಂದ ಒಂದು ಮಾತನ್ನು ತಂದರು: ಸರೆಂಡರ್ ವ್ಯಾಲ್ಯೂ. ಓದುಗರಲ್ಲಿ ಅನೇಕರು ಎಲ್‌ಐಸಿ ಪಾಲಿಸಿ ಮಾಡಿಸಿರುತ್ತೀರಿ. ಅವಧಿ ಮುಗಿಯುವ ಮುನ್ನ ಪಾಲಿಸಿ ನಿಲ್ಲಿಸಿದರೆ ಎಷ್ಟು ಹಣ ವಾಪಸು ಬರುತ್ತದೆಯೋ ಅದೇ ಸರೆಂಡರ್ ವ್ಯಾಲ್ಯೂ. ಶಿಕ್ಷಣಕ್ಕೂ ಹೀಗೊಂದು ಲೆಕ್ಕ ಹಾಕಬೇಕೆಂದು ವೆಸ್ಟ್ ಹೇಳಿದರು. ಕಾಲೇಜು ಮುಟ್ಟಿದವನಿಗೆ ಮಾತ್ರ ಫಲ ಕೊಡುವ, ಮಧ್ಯದಲ್ಲಿ ಬಿಟ್ಟವನಿಗೆ ಬರಿಗೈ ತೋರಿಸುವ ಪಾಠಕ್ರಮ ಬಹುಪಾಲು ಮಕ್ಕಳಿಗೆ ಅನ್ಯಾಯ ಮಾಡುತ್ತದೆ ಎಂಬುದು ಅವರ ವಾದದ ತಿರುಳು.

ಹಾಗಾದರೆ ಬೇಗ ಫಲ ಕೊಡುವ ಕೌಶಲ ಯಾವುದು? ಇಂಗ್ಲಿಷ್ ಮಾತನಾಡಲು ಕಲಿಯುವುದಕ್ಕೆ ಬಹಳ ಕಾಲ ಬೇಕು, ಕಲಿತರೂ ಹಳ್ಳಿಯಲ್ಲಿ ಮಾತನಾಡಲು ಯಾರೂ ಸಿಗುವುದಿಲ್ಲ. ಆದರೆ ಓದು ಹಾಗಲ್ಲ. ಸ್ವಲ್ಪ ಓದಲು ಬಂದರೂ ಅದು ಆ ದಿನವೇ ಪ್ರಯೋಜನಕ್ಕೆ ಬರುತ್ತದೆ, ಶಾಲೆ ಬಿಟ್ಟ ಮೇಲೂ ತಾನಾಗಿ ಬೆಳೆಯುತ್ತದೆ. ವೈದ್ಯ, ಕೃಷಿ, ವಿಜ್ಞಾನಗಳ ಪುಸ್ತಕಗಳು ಅಂದು ಬಂಗಾಳಿಯಲ್ಲಿ ಕಡಿಮೆ, ಇಂಗ್ಲಿಷಿನಲ್ಲಿ ಹೆಚ್ಚು. ಆದ್ದರಿಂದ ಬಂಗಾಳದ ವಿದ್ಯಾರ್ಥಿಗೆ ಮೊದಲು ಬೇಕಾದದ್ದು ಇಂಗ್ಲಿಷನ್ನು ಓದಿ ತಿಳಿಯುವ ಶಕ್ತಿ. ಈ ವಿಚಾರಗಳನ್ನು ಅವರು 1926ರಲ್ಲಿ ಬಂಗಾಳದ ದ್ವಿಭಾಷಿಕತೆಯನ್ನು ಕುರಿತ ದೊಡ್ಡ ವರದಿಯಲ್ಲಿ ವಿವರಿಸಿದರು. ಭಾರತ ಸರ್ಕಾರದ ಶಿಕ್ಷಣ ಇಲಾಖೆಯೇ ಅದನ್ನು ಪ್ರಕಟಿಸಿತು.

ಐವತ್ತಕ್ಕೊಂದು

ವೆಸ್ಟ್ ವಾದ ಮಂಡಿಸಿ ಸುಮ್ಮನಾಗಲಿಲ್ಲ. ಮಕ್ಕಳ ಕೈಯಲ್ಲಿದ್ದ ಪಠ್ಯಪುಸ್ತಕಗಳನ್ನು ತೆಗೆದುಕೊಂಡು ಪದಗಳನ್ನು ಎಣಿಸಿದರು. ಅಪರೂಪದ ಹಳೆಯ ಪದಗಳು ಪುಟ ಪುಟದಲ್ಲಿಯೂ ಇದ್ದವು. ಹೊಸ ಪದಗಳು ಒಂದರ ಮೇಲೊಂದು ಬಿದ್ದು ಮಗುವಿಗೆ ಉಸಿರಾಡಲು ಬಿಡುತ್ತಿರಲಿಲ್ಲ. ಒಮ್ಮೆ ಬಂದ ಪದ ಮತ್ತೆ ಬರುತ್ತಲೇ ಇರಲಿಲ್ಲ. ಇದಕ್ಕೆ ಅವರು ಎರಡು ಪರಿಹಾರ ಸೂಚಿಸಿದರು. ಅಪರೂಪದ ಪದದ ಜಾಗದಲ್ಲಿ ಬಳಕೆಯ ಪದ ಹಾಕಬೇಕು. ಹೊಸ ಪದಗಳನ್ನು ದೂರ ದೂರ ಹರಡಿ, ಒಮ್ಮೆ ಬಂದದ್ದನ್ನು ಮತ್ತೆ ಮತ್ತೆ ತರಬೇಕು. ಸುಮಾರು ಐವತ್ತು ಪದಗಳಿಗೆ ಒಂದು ಹೊಸ ಪದ ಎಂಬುದು ಅವರು ಇಟ್ಟುಕೊಂಡ ಅಳತೆ.

ಈ ಅಳತೆಯ ಮಹತ್ವ ತಿಳಿಯಲು ಒಂದು ಚಿಕ್ಕ ಲೆಕ್ಕ ಮಾಡಿ. ಇನ್ನೂರು ಪದಗಳ ಒಂದು ಪುಟವಿದೆ ಎಂದುಕೊಳ್ಳಿ. ಹತ್ತು ಪದಕ್ಕೊಂದು ಗೊತ್ತಿಲ್ಲದ ಪದ ಬಂದರೆ ಪುಟಕ್ಕೆ ಇಪ್ಪತ್ತು ಸಲ ಮಗು ಎಡವುತ್ತದೆ. ಇಪ್ಪತ್ತು ಸಲ ನಿಘಂಟು ನೋಡುವ ಹೊತ್ತಿಗೆ ಕಥೆ ಮರೆತಿರುತ್ತದೆ. ಐವತ್ತಕ್ಕೊಂದು ಬಂದರೆ ನಾಲ್ಕೇ ಪದಗಳು. ಅವುಗಳನ್ನು ಸುತ್ತಲಿನ ವಾಕ್ಯಗಳಿಂದಲೇ ಊಹಿಸಬಹುದು. 2000ದಲ್ಲಿ ಮಾರ್ಸೆಲ್ಲಾ ಹೂ ಮತ್ತು ಪಾಲ್ ನೇಷನ್ ಎಂಬ ಸಂಶೋಧಕರು, ಯಾರ ಸಹಾಯವೂ ಇಲ್ಲದೆ ಒಂದು ಕಥೆಯನ್ನು ಅರ್ಥ ಮಾಡಿಕೊಳ್ಳಲು ಅದರ ಪದಗಳಲ್ಲಿ ಸುಮಾರು ಶೇಕಡ 98ರಷ್ಟು ಗೊತ್ತಿರಬೇಕು ಎಂದು ಕಂಡುಕೊಂಡರು. ಶೇಕಡ 98 ಎಂದರೆ ಐವತ್ತಕ್ಕೊಂದು ಗೊತ್ತಿಲ್ಲದ ಪದ! ಢಾಕಾದ ಲೆಕ್ಕವೇ ಎಪ್ಪತ್ತನಾಲ್ಕು ವರ್ಷಗಳ ನಂತರ ಮತ್ತೆ ಬಂದು ನಿಂತಿತು.

ಈ ತತ್ವದ ಮೇಲೆ ವೆಸ್ಟ್ ಸಿದ್ಧಪಡಿಸಿದ 'ನ್ಯೂ ಮೆಥಡ್ ರೀಡರ್ಸ್' ಪುಸ್ತಕಮಾಲೆಯನ್ನು ಲಾಂಗ್‌ಮನ್ಸ್ ಸಂಸ್ಥೆ 1920ರ ದಶಕದ ಉತ್ತರಾರ್ಧದಿಂದ ಪ್ರಕಟಿಸಿತು. ಪಾಠ ಮಾಡುವ ಕ್ರಮವನ್ನೂ ಅವರು ತಿರುಗಿಸಿಟ್ಟರು. ಮೊದಲು ಪ್ರಶ್ನೆ, ಆಮೇಲೆ ಓದು. ಮಗು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಉತ್ತರ ಹುಡುಕುತ್ತ ಮೌನವಾಗಿ ಓದಬೇಕು. ಇಂದು ನಾವು ಬಿಎಡ್ ಪುಸ್ತಕಗಳಲ್ಲಿ ಸ್ಕಿಮ್ಮಿಂಗ್ ಮತ್ತು ಸ್ಕ್ಯಾನಿಂಗ್ ಎಂದು ಓದುತ್ತೇವೆ. ಸ್ಕಿಮ್ಮಿಂಗ್ ಎಂದರೆ ಒಟ್ಟು ಸಾರಕ್ಕಾಗಿ ಬೇಗ ಕಣ್ಣಾಡಿಸುವುದು, ಸ್ಕ್ಯಾನಿಂಗ್ ಎಂದರೆ ಬೇಕಾದ ಒಂದು ವಿಷಯಕ್ಕಾಗಿ ಹುಡುಕುವುದು. ಉದ್ದೇಶವಿಟ್ಟು ಓದಬೇಕೆಂಬ ಈ ವಿಚಾರ ಢಾಕಾದ ತರಗತಿಗಳಲ್ಲಿ ಆಗಲೇ ಕೆಲಸ ಮಾಡುತ್ತಿತ್ತು.

1935ರಲ್ಲಿ ವೆಸ್ಟ್ ಮತ್ತು ಎಂಡಿಕಾಟ್ ಸೇರಿ ಒಂದು ನಿಘಂಟು ಹೊರತಂದರು. ಅದರಲ್ಲಿ ಸುಮಾರು 24,000 ಪದ ಮತ್ತು ನುಡಿಗಟ್ಟುಗಳನ್ನು ಕೇವಲ 1,490 ಸರಳ ಪದಗಳಲ್ಲಿ ವಿವರಿಸಿದ್ದರು. ಕಷ್ಟದ ಪದಕ್ಕೆ ಇನ್ನೂ ಕಷ್ಟದ ಅರ್ಥ ಕೊಡುವ ನಿಘಂಟುಗಳಿಂದ ಬಳಲಿದ್ದ ವಿದ್ಯಾರ್ಥಿಗೆ ಇದು ದೊಡ್ಡ ಉಪಕಾರ. 1953ರಲ್ಲಿ ಅವರು ಸುಮಾರು 2,000 ಮುಖ್ಯ ಪದಗಳ 'ಜನರಲ್ ಸರ್ವಿಸ್ ಲಿಸ್ಟ್' ಪ್ರಕಟಿಸಿದರು. ದಶಕಗಳ ಕಾಲ ಜಗತ್ತಿನ ಅನೇಕ ಇಂಗ್ಲಿಷ್ ಪಠ್ಯಪುಸ್ತಕಗಳ ಹಿಂದೆ ಈ ಪಟ್ಟಿ ಇತ್ತು.

ಓದು ಹಿಂದೆ ಸರಿದ ಕಾಲ

ವೆಸ್ಟ್ ಅವರ ವಿಚಾರಕ್ಕೆ ವಿರೋಧವೂ ಇತ್ತು. ಅದೇ ಕಾಲದಲ್ಲಿ ಜಪಾನಿನ ಟೋಕಿಯೋದಲ್ಲಿ ಸಂಶೋಧನೆ ನಡೆಸುತ್ತಿದ್ದ ಹೆರಾಲ್ಡ್ ಪಾಮರ್ ಭಾಷೆಯ ಬುನಾದಿ ಮಾತು ಎಂದು ನಂಬಿದ್ದರು. ಕಿವಿ ಮತ್ತು ನಾಲಿಗೆ ಪಳಗದೆ ಓದು ಗಟ್ಟಿಯಾಗದು ಎಂಬುದು ಅವರ ನಿಲುವು. ಈ ವಾದದಲ್ಲಿ ಸತ್ಯವಿಲ್ಲದೆ ಇಲ್ಲ. ಒಂದು ಪದವನ್ನು ಎಂದೂ ಕೇಳದ ಮಗುವಿಗೆ ಅದನ್ನು ಓದುವುದೂ ಕಷ್ಟವೇ. ಅಮೆರಿಕದಲ್ಲಿ 1929ರ ಕೋಲ್ಮನ್ ವರದಿ ವಿದೇಶಿ ಭಾಷೆಯ ಪಾಠಕ್ಕೆ ಓದನ್ನೇ ಗುರಿಯಾಗಿಸಿತ್ತು. ಎರಡನೇ ಮಹಾಯುದ್ಧ ಬಂದಾಗ ಸೈನಿಕರಿಗೆ ಬೇಗ ಮಾತನಾಡಲು ಕಲಿಸಬೇಕಾಗಿ ಬಂದು ಗಾಳಿ ಬೇರೆ ದಿಕ್ಕಿಗೆ ಬೀಸಿತು.

ಸ್ವಾತಂತ್ರ್ಯಾನಂತರ ನಮ್ಮ ದೇಶಕ್ಕೂ ಆ ಗಾಳಿ ಬಂತು. 1950 ಮತ್ತು 60ರ ದಶಕಗಳಲ್ಲಿ ವಾಕ್ಯರಚನಾ ಕ್ರಮ, ಅಂದರೆ ಸ್ಟ್ರಕ್ಚರಲ್ ಪದ್ಧತಿ ಬಂತು. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾಯಿತು. 1963ರಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬೆಂಗಳೂರಿನಲ್ಲಿ ಆರಂಭವಾಗಿ ಸಾವಿರಾರು ಶಿಕ್ಷಕರಿಗೆ ತರಬೇತಿ ನೀಡಿತು. ವಾಕ್ಯಗಳ ಮಾದರಿಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿ, ಮಕ್ಕಳಿಂದ ಮತ್ತೆ ಮತ್ತೆ ಹೇಳಿಸುವುದು ಈ ಪದ್ಧತಿಯ ಜೀವಾಳ. ಇದು ಒಂದು ಶಿಸ್ತನ್ನು ತಂದಿತು. ಆದರೆ ತಪ್ಪಿಲ್ಲದೆ ವಾಕ್ಯ ಹೇಳಿದ ಮಗು ಹೊರಗಿನ ಒಂದು ಹೊಸ ಪ್ಯಾರಾ ಕೊಟ್ಟರೆ ಕೈಚೆಲ್ಲಿ ಕೂರುತ್ತಿತ್ತು. ಹೇಳಿಕೊಟ್ಟ ವಾಕ್ಯಕ್ಕೂ ತಾನಾಗಿ ತಿಳಿಯುವುದಕ್ಕೂ ನಡುವಿನ ಕಂದಕ ಹಾಗೆಯೇ ಉಳಿಯಿತು.

ನಿವೃತ್ತರಾಗಿದ್ದ ವೆಸ್ಟ್ 1960ರಲ್ಲಿ ಕಷ್ಟದ ಪರಿಸ್ಥಿತಿಗಳಲ್ಲಿ ಇಂಗ್ಲಿಷ್ ಬೋಧನೆ ಎಂಬ ವಿಷಯದ ಮೇಲೆ ಒಂದು ಚಿಕ್ಕ ಪುಸ್ತಕ ಬರೆದರು. ಕಷ್ಟದ ಪರಿಸ್ಥಿತಿ ಎಂದರೆ ಯಾವುದು? ಮೂವತ್ತಕ್ಕೂ ಹೆಚ್ಚು, ಸಾಮಾನ್ಯವಾಗಿ ನಲವತ್ತು ಐವತ್ತು ಮಕ್ಕಳು, ಇಕ್ಕಟ್ಟಾದ ಬೆಂಚುಗಳು, ಸೆಕೆ, ಮಧ್ಯದಲ್ಲಿ ಶಾಲೆ ಬಿಡುವ ಅನಿವಾರ್ಯತೆ. ನಮ್ಮ ಶಾಲೆಗಳನ್ನು ನೋಡಿಯೇ ಬರೆದಂತಿದೆ. ಅದರಲ್ಲಿ ಅವರು ಸೂಚಿಸಿದ 'ಓದು, ತಲೆ ಎತ್ತು' ಎಂಬ ಅಭ್ಯಾಸ ಗಮನಾರ್ಹ. ವಿದ್ಯಾರ್ಥಿ ಪುಸ್ತಕದಲ್ಲಿ ಒಂದು ವಾಕ್ಯಖಂಡವನ್ನು ಮೌನವಾಗಿ ನೋಡಬೇಕು. ನಂತರ ತಲೆ ಎತ್ತಿ, ಪಕ್ಕದ ಗೆಳೆಯನ ಮುಖ ನೋಡಿ, ಅದನ್ನು ಅವನಿಗೆ ಹೇಳಬೇಕು. ಬರೇ ಅಕ್ಷರ ಕಂಡರೆ ಸಾಲದು, ಅದನ್ನು ಕ್ಷಣಕಾಲ ಮನಸ್ಸಿನಲ್ಲಿ ಹಿಡಿದಿಡಬೇಕಾಗುತ್ತದೆ. ಇದಕ್ಕೆ ಯಂತ್ರ ಬೇಡ, ಹಣ ಬೇಡ.

ಬೆಂಗಳೂರಿನ ಪ್ರಯೋಗ

ಎರಡನೆಯ ಪ್ರಯತ್ನದ ಹೆಸರಿನಲ್ಲಿಯೇ ನಮ್ಮ ರಾಜಧಾನಿ ಇದೆ. ಶಿಕ್ಷಣ ಪ್ರಪಂಚದಲ್ಲಿ ಅದನ್ನು 'ಬೆಂಗಳೂರು ಪ್ರಾಜೆಕ್ಟ್' ಎಂದೇ ಕರೆಯುತ್ತಾರೆ. ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸ್ ಮೊದಲಾದೆಡೆಯ ಕೆಲವು ಸಾಮಾನ್ಯ ಶಾಲೆಗಳಲ್ಲಿ ಇದು ನಡೆಯಿತು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನಂಟೂ ಇದಕ್ಕಿತ್ತು.

ಪ್ರಭು ಅವರ ನಂಬಿಕೆ ಇಷ್ಟು: ಮಗುವಿನ ಮನಸ್ಸು ಅರ್ಥದ ಮೇಲೆ ತೊಡಗಿರುವಾಗಲೇ ಭಾಷೆಯ ವ್ಯಾಕರಣ ಒಳಗೊಳಗೆ ಬೆಳೆಯುತ್ತದೆ. ಆದ್ದರಿಂದ ಪಾಠದ ಬದಲು ಬಿಡಿಸಬೇಕಾದ ಸಮಸ್ಯೆಗಳನ್ನು ಕೊಡಬೇಕು. ರೈಲು ವೇಳಾಪಟ್ಟಿ, ನಕ್ಷೆ, ಶಾಲಾ ಟೈಮ್ ಟೇಬಲ್ ಇಂತಹ ಸಾಮಗ್ರಿಗಳನ್ನು ತರಗತಿಗೆ ತಂದರು. ಹೀಗೊಂದು ಪ್ರಶ್ನೆಯನ್ನು ಊಹಿಸಿಕೊಳ್ಳಿ: 'ಒಬ್ಬರು ಬೆಳಿಗ್ಗೆ ಹತ್ತು ಗಂಟೆಯ ಸಭೆಗೆ ಬೇರೆ ಊರು ತಲುಪಬೇಕು, ರಾತ್ರಿ ಪ್ರಯಾಣ ಅವರಿಗೆ ಆಗದು, ಯಾವ ರೈಲು ಹಿಡಿಯಬೇಕು?' ಇದಕ್ಕೆ ಉತ್ತರ ಗೈಡಿನಲ್ಲಿ ಸಿಗುವುದಿಲ್ಲ. ಪಟ್ಟಿಯನ್ನು ಓದಬೇಕು, ಹೋಲಿಸಬೇಕು, ತರ್ಕಿಸಬೇಕು. ಓದು ಎಂದರೆ ಆಲೋಚನೆ ಎಂದು ಥಾರ್ನ್‌ಡೈಕ್ ಹೇಳಿದ್ದ ಮಾತು ಇಲ್ಲಿ ತರಗತಿಯ ಕೆಲಸವಾಯಿತು.

ಇನ್ನೊಂದು ವಿಶೇಷವಿದೆ. ಉಪಾಧ್ಯಾಯರು ಮೊದಲು ಅದೇ ಬಗೆಯ ಒಂದು ಸಮಸ್ಯೆಯನ್ನು ಇಡೀ ತರಗತಿಯೊಂದಿಗೆ ಪ್ರಶ್ನೋತ್ತರದ ಮೂಲಕ ಬಿಡಿಸಿ ತೋರಿಸುತ್ತಿದ್ದರು. ನಂತರ ಅಂತಹದೇ ಇನ್ನೊಂದನ್ನು ಮಕ್ಕಳು ತಾವೇ ಮಾಡಬೇಕಿತ್ತು. ಅಂದರೆ ಯೋಚಿಸುವ ದಾರಿಯನ್ನು ಮೊದಲು ತೋರಿಸಿ, ಆಮೇಲೆ ಕೈಬಿಡುವುದು. ಬೆರೆಟ್ಟಾ ಮತ್ತು ಡೇವಿಸ್ ಎಂಬುವರು ನಡೆಸಿದ ಮೌಲ್ಯಮಾಪನ 1985ರಲ್ಲಿ ಪ್ರಕಟವಾಯಿತು. ಅದು ಎಚ್ಚರಿಕೆಯ ಮಾತುಗಳೊಂದಿಗೆ ಪ್ರಯೋಗದ ಪರವಾಗಿಯೇ ಇತ್ತು. 1987ರಲ್ಲಿ ಪ್ರಭು ಅವರ ಪುಸ್ತಕ ಬಂದ ಮೇಲೆ ಈ ವಿಚಾರ ಜಗತ್ತಿನಾದ್ಯಂತ ಚರ್ಚೆಯಾಯಿತು. ನಮ್ಮ ಊರಿನಲ್ಲಿ ಬೆಳೆದ ಈ ವಿಚಾರವನ್ನು ವಿದೇಶದ ಶಿಕ್ಷಕರು ಕಲಿಯುತ್ತಿರುವಾಗ, ನಮ್ಮ ಅನೇಕ ಶಾಲೆಗಳು ಮಾತ್ರ ನೋಟ್ಸು ಬರೆಸುತ್ತಲೇ ಇವೆ.

ಕಲಿಸುತ್ತೇವೆಯೇ ಅಥವಾ ಪರೀಕ್ಷಿಸುತ್ತೇವೆಯೇ?

ಪಾಠದ ಕೊನೆಯಲ್ಲಿ ಹತ್ತು ಪ್ರಶ್ನೆ ಕೇಳಿದರೆ ಗ್ರಹಿಕೆಯನ್ನು ಕಲಿಸಿದಂತಾಯಿತೇ? ಅಮೆರಿಕದ ಡೊಲೊರೆಸ್ ಡರ್ಕಿನ್ 1978-79ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಗೆ ಕಣ್ಣು ತೆರೆಸುವ ಉತ್ತರ ಕೊಟ್ಟಿತು. ನಾಲ್ಕನೇ ತರಗತಿಗಳಲ್ಲಿ ಓದಿನ ಪಾಠಗಳನ್ನು 4,469 ನಿಮಿಷ ಗಮನಿಸಿದಾಗ, ಗ್ರಹಿಸುವುದು ಹೇಗೆ ಎಂದು ಕಲಿಸಿದ್ದು ಕೇವಲ 20 ನಿಮಿಷ. ಉಳಿದ ಕಾಲ ಪ್ರಶ್ನೆ ಕೇಳುವುದು, ಉತ್ತರ ತಿದ್ದುವುದು, ಅಭ್ಯಾಸ ಪುಸ್ತಕ ತುಂಬಿಸುವುದು ಮುಂತಾದವುಗಳಲ್ಲಿಯೇ ಕಳೆದಿತ್ತು. ಈಜು ಕಲಿಸದೆ ಮಕ್ಕಳನ್ನು ಕೆರೆಗೆ ಇಳಿಸಿ, ಯಾರು ದಡ ಸೇರಿದರೆಂದು ಎಣಿಸಿದ ಹಾಗೆ.

ಇದಕ್ಕೆ ದಾರಿ ತೋರಿದವರಲ್ಲಿ ಪಾಲಿಂಕ್ಸಾರ್ ಮತ್ತು ಬ್ರೌನ್ ಮುಖ್ಯರು. ಪದಗಳನ್ನು ಓದಬಲ್ಲ, ಆದರೆ ಅರ್ಥ ಮಾಡಿಕೊಳ್ಳಲಾರದ ಏಳನೇ ತರಗತಿಯ ಮಕ್ಕಳನ್ನೇ ಅವರು ಆರಿಸಿಕೊಂಡರು. ಅಂದರೆ ನಮ್ಮ ಲೇಖನದ ಆರಂಭದಲ್ಲಿ ಕಂಡ ವಿದ್ಯಾರ್ಥಿಯಂತಹವರನ್ನೇ. 1984ರಲ್ಲಿ ಪ್ರಕಟವಾದ ಅವರ ಕ್ರಮದಲ್ಲಿ ನಾಲ್ಕು ಹೆಜ್ಜೆಗಳಿವೆ. ಓದಿದ್ದರ ಸಾರ ಹೇಳುವುದು, ಅದರ ಮೇಲೆ ತಾನೇ ಪ್ರಶ್ನೆ ಮಾಡುವುದು, ತಿಳಿಯದ ಜಾಗವನ್ನು ಗುರುತಿಸಿ ಬಿಡಿಸಿಕೊಳ್ಳುವುದು, ಮುಂದೆ ಏನು ಬರಬಹುದೆಂದು ಊಹಿಸುವುದು. ಮೊದಲು ಶಿಕ್ಷಕರು ಮಾಡಿ ತೋರಿಸುತ್ತಾರೆ, ನಂತರ ಮಕ್ಕಳು ಸರದಿಯ ಮೇಲೆ ಶಿಕ್ಷಕರ ಸ್ಥಾನ ವಹಿಸುತ್ತಾರೆ. ಆ ಮಕ್ಕಳ ಗ್ರಹಿಕೆ ಕೆಲವೇ ವಾರಗಳಲ್ಲಿ ಗಣನೀಯವಾಗಿ ಸುಧಾರಿಸಿತು.

ಕೌಶಲದ ಜೊತೆಗೆ ವಿಷಯಜ್ಞಾನವೂ ಬೇಕು. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬುವರು ಬೇಸ್‌ಬಾಲ್ ಆಟದ ಕುರಿತ ಒಂದು ಗದ್ಯವನ್ನು ಏಳು ಮತ್ತು ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟರು. ಓದಿನಲ್ಲಿ ಹಿಂದುಳಿದ, ಆದರೆ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದರೂ ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು. ನಮ್ಮ ಮಕ್ಕಳಿಗೆ ಕ್ರಿಕೆಟ್ ಬಗ್ಗೆ ಇಂಗ್ಲಿಷ್ ಪ್ಯಾರಾ ಕೊಟ್ಟು ನೋಡಿ, ಇದರ ಸತ್ಯ ತಿಳಿಯುತ್ತದೆ. ಹಾಗಾಗಿ ಓದು ಕಲಿಸುವ ಹೊಣೆ ಇಂಗ್ಲಿಷ್ ಶಿಕ್ಷಕರೊಬ್ಬರದೇ ಆಗಲಾರದು. ವಿಜ್ಞಾನ, ಸಮಾಜ ಪಾಠ ಮಾಡುವವರೂ ಭಾಷೆಯ ಶಿಕ್ಷಕರೇ ಎಂದು ಇಂಗ್ಲೆಂಡಿನ ಬುಲಕ್ ಸಮಿತಿ 1975ರಲ್ಲಿಯೇ ಒತ್ತಿ ಹೇಳಿತ್ತು.

ನಮ್ಮ ಮಕ್ಕಳು, ನಮ್ಮ ಮೂರು ಭಾಷೆಗಳು

ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು. ಇಷ್ಟು ಭಾಷೆಗಳ ಭಾರದಿಂದಲೇ ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಅನೇಕ ಪೋಷಕರು ಭಾವಿಸುತ್ತಾರೆ. ಮನೆಮಾತನ್ನು ಬಿಡಿಸಿದರೆ ಇಂಗ್ಲಿಷ್ ಬಂದೀತೆಂದು ಆಶಿಸುತ್ತಾರೆ. ಜಿಮ್ ಕಮಿನ್ಸ್ 1979ರಲ್ಲಿ ಮಂಡಿಸಿದ ಸಿದ್ಧಾಂತ ಇದಕ್ಕೆ ವಿರುದ್ಧವಾಗಿದೆ. ಒಂದು ಭಾಷೆಯಲ್ಲಿ ಗಳಿಸಿದ ಓದಿನ ಶಕ್ತಿ ಇನ್ನೊಂದು ಭಾಷೆಗೂ ಒದಗುತ್ತದೆ ಎಂಬುದು ಅದರ ಸಾರ. ಲಿಪಿ ಬೇರೆಯಾಗಬಹುದು, ಉರ್ದು ಬಲದಿಂದ ಎಡಕ್ಕೆ, ಕನ್ನಡ ಎಡದಿಂದ ಬಲಕ್ಕೆ ಸಾಗಬಹುದು. ಆದರೆ ಸಾರ ಹಿಡಿಯುವುದು, ಊಹಿಸುವುದು, ಕಾರಣ ಹುಡುಕುವುದು ಎಲ್ಲ ಭಾಷೆಗೂ ಒಂದೇ. ಉರ್ದು ಕಥೆಯ ಸಾರವನ್ನು ಹೇಳಬಲ್ಲ ಹುಡುಗಿ ಇಂಗ್ಲಿಷ್ ಕಥೆಯ ಅರ್ಧ ದಾರಿ ನಡೆದಾಗಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮಕ್ಕಳ ಬಹುಭಾಷಿಕತೆಯನ್ನು ತರಗತಿಯ ಸಂಪತ್ತು ಎಂದೇ ಪರಿಗಣಿಸಿತು.

ಇನ್ನು ಪುಸ್ತಕಗಳ ವಿಚಾರ. ಫಿಜಿ ದ್ವೀಪಗಳ ಗ್ರಾಮೀಣ ಪ್ರಾಥಮಿಕ ಶಾಲೆಗಳಲ್ಲಿ 1980ರ ದಶಕದ ಆರಂಭದಲ್ಲಿ ಎಲ್ಲೀ ಮತ್ತು ಮಂಗುಭಾಯಿ ಒಂದು ಪ್ರಯೋಗ ನಡೆಸಿದರು. ಪ್ರತಿ ತರಗತಿಗೆ ಸುಮಾರು 250 ಚಿತ್ರಸಹಿತ ಕಥೆಪುಸ್ತಕಗಳನ್ನು ಕೊಟ್ಟರು. ಎಂಟು ತಿಂಗಳ ನಂತರ ಪರೀಕ್ಷಿಸಿದಾಗ ಆ ಮಕ್ಕಳು ಇಂಗ್ಲಿಷ್ ಓದಿನಲ್ಲಿ ಸಾಮಾನ್ಯ ಮಕ್ಕಳಿಗಿಂತ ಸುಮಾರು ಎರಡು ಪಟ್ಟು ವೇಗದಲ್ಲಿ ಮುಂದುವರಿದಿದ್ದರು. ಅವರಿಗೂ ಇಂಗ್ಲಿಷ್ ಮನೆಮಾತಾಗಿರಲಿಲ್ಲ. ವಿಜ್ಞಾನಕ್ಕೆ ಪ್ರಯೋಗಾಲಯ ಬೇಕೆಂದು ನಾವು ಒಪ್ಪುತ್ತೇವೆ. ಓದಿಗೆ ಪ್ರಯೋಗಾಲಯವೆಂದರೆ ಗ್ರಂಥಾಲಯ. ಬೀಗ ಹಾಕಿದ ಬೀರುವಿನಲ್ಲಿರುವ ಪುಸ್ತಕದಿಂದ ಯಾವ ಮಗುವಿಗೂ ಓದು ಬಾರದು.

ಮಾಡಬಹುದಾದದ್ದು

ಈ ಇತಿಹಾಸದಿಂದ ನಾಳೆಯ ತರಗತಿಗೆ ಏನನ್ನು ತೆಗೆದುಕೊಂಡು ಹೋಗಬಹುದು? ಶಿಕ್ಷಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ. ಪಾಠ ಓದಿಸುವ ಮುನ್ನ ಕರಿಹಲಗೆಯ ಮೇಲೆ ಎರಡು ಪ್ರಶ್ನೆ ಬರೆಯಿರಿ. ಹತ್ತು ನಿಮಿಷ ಮೌನವಾಗಿ ಓದಲು ಬಿಡಿ. ಒಂದು ಪ್ಯಾರಾದ ಸಾರವನ್ನು ನೀವು ಹೇಗೆ ಕಂಡುಕೊಂಡಿರಿ ಎಂಬುದನ್ನು ಗಟ್ಟಿಯಾಗಿ ಯೋಚಿಸಿ ತೋರಿಸಿ. ಸಾರವನ್ನು ಮೊದಲು ಉರ್ದುವಿನಲ್ಲಿಯೋ ಕನ್ನಡದಲ್ಲಿಯೋ ಹೇಳಲು ಅವಕಾಶ ಕೊಡಿ, ಇಂಗ್ಲಿಷ್ ಹಿಂದೆಯೇ ಬರುತ್ತದೆ. ವಾರಕ್ಕೊಮ್ಮೆ ಪಠ್ಯದಲ್ಲಿ ಇಲ್ಲದ ಒಂದು ಚಿಕ್ಕ ಬರಹ ತನ್ನಿ. ಬಸ್ಸಿನ ವೇಳಾಪಟ್ಟಿ, ಔಷಧದ ಪೆಟ್ಟಿಗೆಯ ಮೇಲಿನ ಸೂಚನೆ, ಬ್ಯಾಂಕಿನ ಅರ್ಜಿ, ವಿದ್ಯಾರ್ಥಿವೇತನದ ಪ್ರಕಟಣೆ, ಯಾವುದಾದರೂ ಸರಿ.

ಪೋಷಕರಲ್ಲಿಯೂ ಒಂದು ಮಾತು. ಮಗು ಇಂಗ್ಲಿಷ್ ಪುಸ್ತಕವನ್ನು ಜೋರಾಗಿ ಓದಿದಾಗ ಸಂತೋಷಪಡಿ. ಆದರೆ 'ಅದರಲ್ಲಿ ಏನಿದೆ, ನನಗೆ ಹೇಳು' ಎಂದು ನಿಮ್ಮ ಮನೆಮಾತಿನಲ್ಲಿ ಕೇಳಿ. ಇದನ್ನು ಕೇಳಲು ತಾಯಿಗೆ ಇಂಗ್ಲಿಷ್ ಬರಬೇಕಾಗಿಲ್ಲ.

ಎಸ್ಸೆಸ್ಸೆಲ್ಸಿಯ ನಂತರ ಓದು ನಿಲ್ಲಿಸುವ ಹೆಣ್ಣುಮಕ್ಕಳು, ಎಂಟನೇ ತರಗತಿಗೇ ಗ್ಯಾರೇಜಿಗೋ ಅಂಗಡಿಗೋ ಹೋಗುವ ಗಂಡುಮಕ್ಕಳು ನಮ್ಮ ನಡುವೆ ಇನ್ನೂ ಇದ್ದಾರೆ. ಅವರನ್ನು ಶಾಲೆಯಲ್ಲಿ ಉಳಿಸಿಕೊಳ್ಳುವ ಪ್ರಯತ್ನ ನಿಲ್ಲಬಾರದು. ಆದರೆ ಹೋಗುವವರು ಬರಿಗೈಯಲ್ಲಿ ಹೋಗಬಾರದು. ಔಷಧಿಯ ಚೀಟಿ, ಕರಾರು ಪತ್ರ, ಯಂತ್ರದ ಕೈಪಿಡಿ, ತಮ್ಮ ಮಗುವಿನ ಶಾಲೆಯ ಸೂಚನೆ, ಇವುಗಳನ್ನು ಇನ್ನೊಬ್ಬರ ಹಂಗಿಲ್ಲದೆ ಓದಿ ತಿಳಿಯುವಷ್ಟಾದರೂ ಅವರಿಗೆ ಬಂದಿರಬೇಕು. ಒಬ್ಬ ವಿದ್ಯಾರ್ಥಿ ನಾಳೆಯೇ ಶಾಲೆ ಬಿಟ್ಟರೆ ಅವನ ಕೈಯಲ್ಲಿ ಏನು ಉಳಿಯುತ್ತದೆ ಎಂದು ಢಾಕಾದಲ್ಲಿ ಕೇಳಿದ ಪ್ರಶ್ನೆಯನ್ನು ಪ್ರತಿ ಶೈಕ್ಷಣಿಕ ವರ್ಷದ ಆರಂಭದಲ್ಲಿ ನಮ್ಮ ಶಿಕ್ಷಕರ ಸಭೆಗಳಲ್ಲಿ, ಪೋಷಕರ ಸಭೆಗಳಲ್ಲಿ ಕೇಳಿಕೊಳ್ಳೋಣ. ಉತ್ತರಕ್ಕೆ ತಕ್ಕಂತೆ ಪಾಠವನ್ನು ಬದಲಿಸಿಕೊಳ್ಳೋಣ.